ಊರಿನ ಸುರಕ್ಷತೆಗೆ ಸರ್ಕಾರದ ಅನುದಾನ: ಮನವಿ ಯಾರಿಗೆ, ಯಾವ ರೀತಿ?

ಪೇಟೆಬೀದಿಯಲ್ಲಿ ದೀಪವಿಲ್ಲ, ಮಾರುಕಟ್ಟೆ ಪ್ರಾಂಗಣದಲ್ಲಿ ಕಣ್ಗಾವಲು ಕ್ಯಾಮೆರಾ ಇಲ್ಲ, ಹೆದ್ದಾರಿ ದಾಟಲು ಸುರಕ್ಷಿತ ದಾರಿಯಿಲ್ಲ, ದಿನವಿಡೀ ಜನ ಸೇರುವ ಸ್ಥಳದಲ್ಲಿ ಶೌಚಾಲಯವಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ವರ್ತಕರಿಗೆ ಇಂತಹ ದೂರುಗಳು ಹೊಸತಲ್ಲ. ಸಭೆ ಸೇರಿ ಠರಾವು ಮಾಡಲಾಗುತ್ತದೆ, ಸಚಿವರಿಗೋ ಶಾಸಕರಿಗೋ ಮನವಿ ಪತ್ರ ಅರ್ಪಿಸಲಾಗುತ್ತದೆ. ವರ್ಷ ಕಳೆದರೂ ಕಾಮಗಾರಿ ಆರಂಭವಾಗುವುದಿಲ್ಲ.

ಇದಕ್ಕೆ ಹಣದ ಅಭಾವವೊಂದೇ ಕಾರಣವಲ್ಲ. ಸರ್ಕಾರದ ಪ್ರತಿಯೊಂದು ರೂಪಾಯಿಯೂ ಒಂದು ನಿರ್ದಿಷ್ಟ ಲೆಕ್ಕಶೀರ್ಷಿಕೆಗೆ ಒಳಪಟ್ಟಿರುತ್ತದೆ. ಕೇಳುವ ಕೆಲಸಕ್ಕೂ ಆ ಶೀರ್ಷಿಕೆಗೂ ಹೊಂದಿಕೆಯಿಲ್ಲದಿದ್ದರೆ, ಬೇಡಿಕೆ ಎಷ್ಟೇ ನ್ಯಾಯಸಮ್ಮತವಾಗಿದ್ದರೂ ಕಡತ ಮುಂದೆ ಸಾಗದು. ಆದ್ದರಿಂದ ಯಾವ ಕೆಲಸಕ್ಕೆ ಯಾವ ಹಣ ದೊರೆಯುತ್ತದೆ ಎಂಬುದನ್ನು ಸದಸ್ಯ ಬಾಂಧವರು ಮೊದಲು ತಿಳಿದಿರುವುದು ಅವಶ್ಯಕ.

ವಿಷಯ ಕೇವಲ ಅನುಕೂಲಕ್ಕೆ ಸಂಬಂಧಿಸಿದ್ದಲ್ಲ. 2020ರ ಆಗಸ್ಟ್ 12ರಂದು ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿಯ ಬಳಿ, ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಬೆಂಕಿ ತಗುಲಿ ಐವರು ಮೃತಪಟ್ಟರು. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ರಸ್ತೆ, ನೀರು, ಬೆಳಕು, ಅಗ್ನಿಶಮನ ಇವೆಲ್ಲವೂ ಸಾರ್ವಜನಿಕ ಸುರಕ್ಷತೆಯೇ ಆಗಿವೆ ಎಂಬುದನ್ನು ಈ ಘಟನೆಗಳು ತೋರಿಸಿಕೊಟ್ಟಿವೆ.

ಮೊದಲ ಪ್ರಶ್ನೆ: ಜಾಗ ಯಾರದು?

ಮನವಿ ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಊರೊಳಗಿನ ಬೀದಿದೀಪ, ಚರಂಡಿ, ಸಾರ್ವಜನಿಕ ಶೌಚಾಲಯ, ವಾಹನ ನಿಲುಗಡೆ ಸ್ಥಳಗಳು ಸ್ಥಳೀಯ ಪೌರಸಂಸ್ಥೆಯ ಕರ್ತವ್ಯಗಳು. ಸಂವಿಧಾನದ 74ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ 12ನೆಯ ಅನುಸೂಚಿಯಲ್ಲಿ ಬೀದಿದೀಪ, ಬಸ್ ನಿಲ್ದಾಣ, ನಿಲುಗಡೆ ಸ್ಥಳಗಳ ಉಲ್ಲೇಖ ಸ್ಪಷ್ಟವಾಗಿದೆ. ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದ ಒಳಗಿನ ರಸ್ತೆ, ದೀಪ, ಕುಡಿಯುವ ನೀರಿನ ವ್ಯವಸ್ಥೆಯಾದರೋ ಮಾರುಕಟ್ಟೆ ಸಮಿತಿಗೆ ಸೇರಿದ್ದು. ಅದಕ್ಕೆಂದೇ ಮಾರುಕಟ್ಟೆ ಶುಲ್ಕವಿದೆ. ಪ್ರಾಂಗಣದ ಗೇಟಿನ ಒಳಗೊಂದು, ಹೊರಗೊಂದು ದೀಪಕಂಬ ಬೇಕಿದ್ದರೆ ಎರಡು ಕಚೇರಿಗಳಿಗೆ ಎರಡು ಮನವಿಗಳು ಹೋಗಬೇಕಾಗುತ್ತದೆ.

ಹೆದ್ದಾರಿಯ ವಿಚಾರ ಮತ್ತೂ ಭಿನ್ನ. ಚಿತ್ರದುರ್ಗ ಮತ್ತು ಹಿರಿಯೂರಿನ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48 (ಹಿಂದಿನ 4), ಹಿರಿಯೂರಿನ ಮೂಲಕ ಸಾಗುವ 150ಎ, ಹೊಳಲ್ಕೆರೆಯ ಮೂಲಕ ಶಿವಮೊಗ್ಗದತ್ತ ಸಾಗುವ 369 ಇವುಗಳ ಮೇಲೆ ಪೌರಸಂಸ್ಥೆ ತನ್ನ ಇಚ್ಛೆಯಂತೆ ಹಣ ವ್ಯಯಿಸಲಾಗದು. ಅಲ್ಲಿನ ಬೇಡಿಕೆಗಳು ಹೆದ್ದಾರಿ ಪ್ರಾಧಿಕಾರಕ್ಕೆ ಅಥವಾ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗಕ್ಕೆ ಸಲ್ಲಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮೂಲಕ ಹೋದರೆ ಅವುಗಳಿಗೆ ಹೆಚ್ಚಿನ ಬಲ ಬರುತ್ತದೆ. ಸುಮಾರು 500 ಮೀಟರ್ ಉದ್ದದ ಭಾಗದಲ್ಲಿ 3 ವರ್ಷಗಳ ಅವಧಿಯಲ್ಲಿ ಸಾವು ಅಥವಾ ತೀವ್ರ ಗಾಯಕ್ಕೆ ಕಾರಣವಾದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಸಂಭವಿಸಿದ್ದರೆ ಅದನ್ನು ಅಪಘಾತ ವಲಯ, ಅಂದರೆ ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸುವುದು ಕೇಂದ್ರ ಸಾರಿಗೆ ಸಚಿವಾಲಯದ ಮಾನದಂಡ. ಆದ್ದರಿಂದ “ಇಲ್ಲಿ ಆಗಾಗ ಅಪಘಾತಗಳಾಗುತ್ತವೆ” ಎಂದು ಬರೆಯುವುದಕ್ಕಿಂತ, ಪೊಲೀಸ್ ಠಾಣೆಯ ದಾಖಲೆಗಳಿಂದ 3 ವರ್ಷಗಳ ಅಂಕಿಅಂಶ ಪಡೆದು ಲಗತ್ತಿಸುವುದು ಹೆಚ್ಚು ಪರಿಣಾಮಕಾರಿ.

ಹಣದ ಮೂಲಗಳು

2015ರ ಜೂನ್‌ನಲ್ಲಿ ಆರಂಭವಾಗಿ 2025ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೆರೆಯ ದಾವಣಗೆರೆ, ತುಮಕೂರು, ಶಿವಮೊಗ್ಗ ನಗರಗಳಿಗೆ ಸ್ಥಾನ ದೊರೆತಿತ್ತು, ಚಿತ್ರದುರ್ಗಕ್ಕೆ ದೊರೆಯಲಿಲ್ಲ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ದೇಶದ 8 ಮಹಾನಗರಗಳು ಆಯ್ಕೆಯಾದವು. ಕರ್ನಾಟಕದಿಂದ ಆಯ್ಕೆಯಾದದ್ದು ಬೆಂಗಳೂರು ಮಾತ್ರ. ಆದಕಾರಣ ನಮ್ಮ ಊರುಗಳು ಬೇರೆ ಮೂಲಗಳತ್ತ ನೋಡಬೇಕಾಗಿದೆ.

ಮೊದಲನೆಯದು, ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. 1993ರಲ್ಲಿ ಆರಂಭವಾದ ಈ ಯೋಜನೆಯಡಿ 2011-12ರಿಂದ ಪ್ರತಿ ಸಂಸದರಿಗೆ ವಾರ್ಷಿಕ 5 ಕೋಟಿ ರೂಪಾಯಿ ನಿಗದಿಯಾಗಿದೆ. ಶಾಸಕರ ನಿಧಿಯ ಪ್ರಮಾಣ ವಾರ್ಷಿಕ 2 ಕೋಟಿ ರೂಪಾಯಿ. ಸಂಸದರು, ಶಾಸಕರು ಶಿಫಾರಸು ಮಾತ್ರ ಮಾಡುತ್ತಾರೆ, ಮಂಜೂರಾತಿ ನೀಡುವುದು ಜಿಲ್ಲಾಡಳಿತ. ಸಂಸದರ ನಿಧಿಯು ಮುಖ್ಯವಾಗಿ ಸಾರ್ವಜನಿಕರಿಗೆ ಮುಕ್ತವಾದ ಶಾಶ್ವತ ಆಸ್ತಿಗಳಿಗೆ ಮೀಸಲು. ವಾಣಿಜ್ಯ ಸಂಸ್ಥೆಗಳ ಕಟ್ಟಡಗಳಿಗೆ ಅದರಲ್ಲಿ ಅವಕಾಶವಿಲ್ಲವಾದ್ದರಿಂದ ವರ್ತಕರ ಸಂಘದ ಸ್ವಂತ ಕಚೇರಿಗೆ ಅದನ್ನು ಕೇಳುವುದು ವ್ಯರ್ಥ. ಪರಿಶಿಷ್ಟ ಜಾತಿಯ ಜನರು ವಾಸಿಸುವ ಪ್ರದೇಶಗಳಿಗೆ ಶೇ. 15, ಪರಿಶಿಷ್ಟ ಪಂಗಡದವರ ಪ್ರದೇಶಗಳಿಗೆ ಶೇ. 7.5ರಷ್ಟು ವಿನಿಯೋಗ ಇದರಲ್ಲಿ ಅಗತ್ಯ. ಅಂತಹ ಬಡಾವಣೆಗಳ ನೀರು, ಬೆಳಕಿನ ಕಾಮಗಾರಿಗಳನ್ನು ವರ್ತಕರ ಸಂಘವೇ ಮುಂದಿಟ್ಟರೆ ಊರಿಗೂ ಹಿತ, ಮನವಿಗೂ ಬಲ.

ಎರಡನೆಯದು, ನಮ್ಮ ಜಿಲ್ಲೆಗೆ ವಿಶೇಷವಾದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯಿರುವುದು ಸರ್ವವಿದಿತ. 2015ರ ಕಾಯ್ದೆ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಈ ನಿಧಿಗೂ ಹಣ ತೆರಬೇಕು: 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆಗಳಿಗೆ ರಾಜಧನದ ಶೇ. 30, ನಂತರ ಹರಾಜಿನ ಮೂಲಕ ಪಡೆದವುಗಳಿಗೆ ಶೇ. 10. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ನೈರ್ಮಲ್ಯ, ಮಾಲಿನ್ಯ ನಿಯಂತ್ರಣದಂತಹ ಆದ್ಯತಾ ವಿಷಯಗಳಿಗೆ ಕನಿಷ್ಠ ಶೇ. 60 ಎಂದಿದ್ದ ಪಾಲನ್ನು 2024ರ ಪರಿಷ್ಕೃತ ಮಾರ್ಗಸೂಚಿ ಶೇ. 70ಕ್ಕೆ ಏರಿಸಿದೆ. ರಸ್ತೆ, ಸೇತುವೆಗಳು ಉಳಿದ ಪಾಲಿನಲ್ಲಿ ಬರುತ್ತವೆ. ಆದ್ದರಿಂದ ಅದಿರು ಲಾರಿಗಳ ಸಂಚಾರವಿರುವ ಊರಿನವರು ಕೇವಲ ರಸ್ತೆಯನ್ನಷ್ಟೇ ಕೇಳದೆ, ಧೂಳಿನ ನಿಯಂತ್ರಣ, ಆಂಬುಲೆನ್ಸ್, ಶುದ್ಧ ನೀರಿನ ಘಟಕಗಳನ್ನು ಕೇಳಿದರೆ ಅವಕಾಶ ಹೆಚ್ಚು. ಇದರ ಹೊರತಾಗಿ, ಸರ್ವೋಚ್ಚ ನ್ಯಾಯಾಲಯದ ಆದೇಶಗಳ ಹಿನ್ನೆಲೆಯಲ್ಲಿ ರಚಿತವಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಯೋಜನೆಗಳೂ ಗಣಿಬಾಧಿತ ಪ್ರದೇಶಗಳಿಗಿವೆ.

ಮೂರನೆಯದು, ಸಣ್ಣ ಕೈಗಾರಿಕೆಗಳವರು ಗಮನಿಸಬೇಕಾದ ಕೇಂದ್ರದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮ. ಹಳೆಯ ಕೈಗಾರಿಕಾ ವಸಾಹತುಗಳ ರಸ್ತೆ, ಚರಂಡಿ, ವಿದ್ಯುತ್ ಸೌಲಭ್ಯಗಳ ಸುಧಾರಣೆಗೆ ಇದರಲ್ಲಿ ನೆರವುಂಟು. ಪ್ರಸ್ತಾವನೆ ರಾಜ್ಯ ಸರ್ಕಾರದ ಮೂಲಕವೇ ಹೋಗಬೇಕಾದ್ದರಿಂದ ಮೊದಲು ಸಂಪರ್ಕಿಸಬೇಕಾದದ್ದು ಜಿಲ್ಲಾ ಕೈಗಾರಿಕಾ ಕೇಂದ್ರವನ್ನು. ಅಗ್ನಿಶಮನ ಸೇವೆಯ ಆಧುನೀಕರಣಕ್ಕಾಗಿ 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ಆರಂಭಿಸಿದ 5,000 ಕೋಟಿ ರೂಪಾಯಿಗಳ ಯೋಜನೆಯೂ ರಾಜ್ಯಗಳ ಮೂಲಕ ಜಾರಿಗೆ ಬಂದಂಥದ್ದೇ. ಇಂತಹವುಗಳಿಗೆ ಊರಿನ ಸಂಘ ನೇರವಾಗಿ ಅರ್ಜಿ ಹಾಕಲಾಗದು. ಇಲಾಖೆಗೆ ಬೇಡಿಕೆ ಸಲ್ಲಿಸಬಹುದು.

ಮನವಿಯಲ್ಲಿರಬೇಕಾದ ಅಂಶಗಳು

ಒಂದು ಮನವಿಯಲ್ಲಿ ಒಂದೇ ಕಾಮಗಾರಿ ಇರಲಿ. ಹತ್ತು ಬೇಡಿಕೆಗಳ ಪತ್ರವನ್ನು ಹತ್ತು ವಿಭಾಗಗಳಿಗೆ ಹಂಚುವಷ್ಟರಲ್ಲಿ ಅದು ಎಲ್ಲಿಯೂ ಉಳಿಯುವುದಿಲ್ಲ. ಪತ್ರದೊಡನೆ ಈ ಕೆಳಗಿನವು ಅಗತ್ಯ:

1. ಸ್ಥಳದ ನಕ್ಷೆ, ಸರ್ವೆ ಸಂಖ್ಯೆ ಮತ್ತು ಜಾಗದ ಮಾಲೀಕತ್ವದ ದಾಖಲೆ.

2. ಪ್ರಯೋಜನ ಪಡೆಯುವವರ ವಿವರ: ವರ್ತಕರಷ್ಟೇ ಅಲ್ಲದೆ ಗ್ರಾಹಕರು, ಹಮಾಲರು, ವಿದ್ಯಾರ್ಥಿಗಳು, ನಿವಾಸಿಗಳು.

3. ಸಂಬಂಧಿಸಿದ ಇಲಾಖೆಯ ಎಂಜಿನಿಯರರಿಂದ ತಯಾರಾದ ಅಂದಾಜು ಪಟ್ಟಿ. ಸರಬರಾಜುದಾರರ ಕೊಟೇಷನ್ ಇದಕ್ಕೆ ಬದಲಿಯಾಗದು.

4. ಪೌರಸಂಸ್ಥೆಯ ಅಥವಾ ಗ್ರಾಮ ಪಂಚಾಯಿತಿಯ ಠರಾವಿನ ಪ್ರತಿ.

5. ನಿರ್ವಹಣೆಯ ಹೊಣೆ ಯಾರದೆಂಬ ಲಿಖಿತ ಒಪ್ಪಿಗೆ.

ಕೊನೆಯ ಅಂಶವೇ ಬಹುಮಟ್ಟಿಗೆ ನಿರ್ಣಾಯಕ. ಕ್ಯಾಮೆರಾ ಅಳವಡಿಸುವುದು ಸುಲಭ. ವಿದ್ಯುತ್ ಬಿಲ್ಲು, ಅಂತರ್ಜಾಲ ಸಂಪರ್ಕ, ದುರಸ್ತಿ ಇವು ಪ್ರತಿ ತಿಂಗಳ ಖರ್ಚು. ಅದನ್ನು ಯಾರು ಭರಿಸುತ್ತಾರೆಂದು ನಿಶ್ಚಯವಾಗದ ಯಂತ್ರ ಎರಡನೆಯ ವರ್ಷದಲ್ಲಿ ಕಂಬದ ಮೇಲಿನ ಅಲಂಕಾರವಾಗಿಬಿಡುತ್ತದೆ. ಈ ಮಾಸಿಕ ಖರ್ಚಿನ ಒಂದು ಭಾಗವನ್ನು ವರ್ತಕರ ಸಂಘ ವಹಿಸಿಕೊಂಡರೆ ಅನುದಾನದ ಹಾದಿ ಸುಗಮವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಸರ್ಕಾರಿ ಖರೀದಿಯು 1999ರ ಪಾರದರ್ಶಕತೆ ಕಾಯ್ದೆಗೆ ಒಳಪಡುತ್ತದೆ. ಮನವಿಗೆ ಸಹಿ ಹಾಕಿದ ಸದಸ್ಯರೇ ಆ ದೀಪ, ಕ್ಯಾಮೆರಾಗಳ ಸರಬರಾಜಿಗೂ ಮುಂದಾದರೆ ಇಡೀ ಸಂಘದ ಬೇಡಿಕೆಯೇ ಸಂಶಯಕ್ಕೆ ಗುರಿಯಾಗುತ್ತದೆ.

ಘೋಷಣೆಯೇ ಹಣವಲ್ಲ

ಶಿಫಾರಸು, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಹಣ ಬಿಡುಗಡೆ ಇವು ಬೇರೆ ಬೇರೆ ಮೆಟ್ಟಿಲುಗಳು. 2023ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣದ ಬಿಡುಗಡೆಗಾಗಿ ಮುಂದಿನ ವರ್ಷಗಳಲ್ಲಿಯೂ ಒತ್ತಾಯ ನಡೆದದ್ದನ್ನು ನಮ್ಮ ಜಿಲ್ಲೆಯ ಜನ ಕಂಡಿದ್ದಾರೆ. ದೊಡ್ಡ ಯೋಜನೆಯ ಈ ಅನುಭವ ಒಂದು ದೀಪಕಂಬಕ್ಕೂ ಅನ್ವಯಿಸುತ್ತದೆ. ಕಡತ ಯಾವ ಮೆಟ್ಟಿಲಲ್ಲಿದೆ ಎಂದು ತಿಂಗಳಿಗೊಮ್ಮೆ ವಿಚಾರಿಸಲು ಒಬ್ಬ ಸದಸ್ಯರನ್ನು ನೇಮಿಸಬೇಕು. ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ 30 ದಿನಗಳೊಳಗೆ ಮಾಹಿತಿ ಕೇಳಬಹುದು.

ನಮ್ಮ ಪಾಲಿನ ಹೊಣೆ

ಎಲ್ಲ ಸುರಕ್ಷತೆಯೂ ಸರ್ಕಾರದ ಖರ್ಚಿನದಲ್ಲ. ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಸ್ವಂತ ವೆಚ್ಚದಲ್ಲಿ ಕಣ್ಗಾವಲು ಕ್ಯಾಮೆರಾ ಅಳವಡಿಸಿ 30 ದಿನಗಳ ಚಿತ್ರೀಕರಣ ಉಳಿಸಿಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ವಿಧಿಸಿದೆ. ನಮ್ಮ ಅಂಗಡಿಯ ಮುಂದಿನ ಕರ್ತವ್ಯವನ್ನು ನಾವು ಪೂರೈಸಿದ ಮೇಲೆಯೇ ಬೀದಿಯ ಕ್ಯಾಮೆರಾ ಕೇಳುವ ನೈತಿಕ ಬಲ ಬರುತ್ತದೆ.

ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ. ಪೌರಸಂಸ್ಥೆಗಳ ಆಯವ್ಯಯದ ಸಿದ್ಧತೆ ಅದಕ್ಕೂ ಮೊದಲೇ ನಡೆಯುವುದರಿಂದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೇ ಮನವಿ ಸಿದ್ಧವಾಗಿರುವುದು ಲೇಸು. ನಾಲ್ಕೂ ಊರುಗಳ ಸಂಘಗಳು ಈ ವರ್ಷ ತಲಾ ಒಂದೊಂದೇ ಕಾಮಗಾರಿಯನ್ನು ಆರಿಸಿಕೊಂಡು, ದಾಖಲೆ ಸಮೇತ ಸಲ್ಲಿಸಿ, ಪೂರ್ಣಗೊಳ್ಳುವವರೆಗೂ ಬೆನ್ನುಹತ್ತಲಿ. ಪೂರ್ಣಗೊಂಡ ಒಂದು ಕಾಮಗಾರಿ ಮುಂದಿನ ವರ್ಷದ ಮನವಿಗೆ ಎಲ್ಲ ಶಿಫಾರಸು ಪತ್ರಗಳಿಗಿಂತ ಹೆಚ್ಚಿನ ಆಧಾರವಾಗುತ್ತದೆ.