ಮನೆಯೊಳಗೇ ಬರುತ್ತಿದ್ದ ದೆವ್ವಗಳು: ಹಳೆಯ ಟಿವಿ ಹಾರರ್ ಚಿತ್ರಗಳನ್ನು ನೋಡುವ ಬಗೆ

ಮಳೆಗಾಲದ ರಾತ್ರಿ, ಕರೆಂಟ್ ಹೋಗಿದೆ, ಬುಡ್ಡಿ ದೀಪದ ಬೆಳಕಿನಲ್ಲಿ ಅಜ್ಜಿ ದೆವ್ವದ ಕಥೆ ಹೇಳುತ್ತಿದ್ದಾರೆ. ಕಥೆ ಮುಗಿದ ಮೇಲೆ ಹಿತ್ತಿಲ ಬಚ್ಚಲಿಗೆ ಒಬ್ಬರೇ ಹೋಗಿ ಬರುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು ಹೇಳಿ? ಅಮೆರಿಕಕ್ಕೆ ಬಂದ ಮೇಲೆ ಕರೆಂಟ್ ಹೋಗುವುದು ಕಡಿಮೆಯಾಯಿತು, ಅಜ್ಜಿಯರೂ ದೂರವಾದರು. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ನೆರೆಹೊರೆಯವರನ್ನು ಮಾತಿಗೆಳೆದರೆ ಅವರಿಗೂ ಅಂಥದ್ದೇ ಒಂದು ನೆನಪಿದೆ. ಅಜ್ಜಿಯ ಜಾಗದಲ್ಲಿ ಅವರಿಗಿದ್ದದ್ದು ನಡುಮನೆಯ ಟಿವಿ.

ಕಳೆದ ಚಳಿಗಾಲದಲ್ಲಿ ನಾವು ಕೆಲವು ಪೋಷಕರು ಸೇರಿ, ದೊಡ್ಡ ಮಕ್ಕಳನ್ನು ಕೂರಿಸಿಕೊಂಡು ಇಂಥ ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡಿದೆವು. ಮೊದಮೊದಲು ಮಕ್ಕಳು ನಕ್ಕರು. ಬಣ್ಣ ಮಾಸಿದೆ, ದೆವ್ವ ಕಾಣುವುದೇ ಇಲ್ಲ, ರಕ್ತವಂತೂ ಇಲ್ಲವೇ ಇಲ್ಲ! ಆದರೆ ಅದೇ ರಾತ್ರಿ ಅವರಲ್ಲೊಬ್ಬಳು ಹಜಾರದ ದೀಪ ಆರಿಸಬೇಡಿ ಎಂದಳು. ಇಷ್ಟು ಕಡಿಮೆ ತೋರಿಸಿ ಇಷ್ಟು ಹೆದರಿಸುವುದು ಹೇಗೆ? ಅದನ್ನೇ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಕಟ್ಟುಪಾಡೇ ಕಲಿಸಿದ ಪಾಠ

1969ರಲ್ಲಿ ಅಮೆರಿಕದ ಎಬಿಸಿ ವಾಹಿನಿ 'ಮೂವಿ ಆಫ್ ದಿ ವೀಕ್' ಎಂಬ ಕಾರ್ಯಕ್ರಮ ಆರಂಭಿಸಿತು. ಚಿತ್ರಮಂದಿರಕ್ಕಾಗಿ ಅಲ್ಲ, ಟಿವಿಗೆಂದೇ ತಯಾರಾದ ಹೊಸ ಚಿತ್ರಗಳು. 1975ರವರೆಗೆ ನಡೆದ ಈ ಕಾರ್ಯಕ್ರಮಕ್ಕೆ ಸಿಗುತ್ತಿದ್ದದ್ದು 90 ನಿಮಿಷ. ಜಾಹೀರಾತು ಕಳೆದರೆ ಚಿತ್ರಕ್ಕೆ ಉಳಿಯುತ್ತಿದ್ದದ್ದು ಸುಮಾರು 74 ನಿಮಿಷ. ಹಣ ಕಡಿಮೆ, ಸಮಯ ಇನ್ನೂ ಕಡಿಮೆ. ಸ್ಟೀವನ್ ಸ್ಪೀಲ್‌ಬರ್ಗ್ 1971ರಲ್ಲಿ ಇದೇ ವಾಹಿನಿಗೆ 'ಡ್ಯೂಯೆಲ್' ಮಾಡಿದಾಗ ಚಿತ್ರೀಕರಣ ಎರಡು ವಾರದ ಆಸುಪಾಸಿನಲ್ಲೇ ಮುಗಿದಿತ್ತು. ಅದರಲ್ಲಿ ದೆವ್ವವಿಲ್ಲ. ಒಬ್ಬ ಸಾಮಾನ್ಯ ಮನುಷ್ಯನ ಕಾರನ್ನು ಒಂದು ಹಳೆಯ ಲಾರಿ ಅಟ್ಟಿಸಿಕೊಂಡು ಬರುತ್ತದೆ, ಅಷ್ಟೆ. ಲಾರಿ ಓಡಿಸುವವನ ಮುಖ ನಮಗೆ ಕೊನೆಯವರೆಗೂ ಕಾಣುವುದಿಲ್ಲ.

ಟಿವಿ ಎಲ್ಲರ ಮನೆಯೊಳಗೆ ಬರುವಂಥದ್ದು, ಆದ್ದರಿಂದ ರಕ್ತಪಾತ ತೋರಿಸುವಂತಿರಲಿಲ್ಲ. ಮೇಲಾಗಿ ಆಗಾಗ ಜಾಹೀರಾತಿಗೆ ಕಥೆ ನಿಲ್ಲಿಸಬೇಕು, ನೋಡುಗರು ಚಾನೆಲ್ ಬದಲಿಸಲೂ ಬಾರದು. ನಮ್ಮ ವಾರಪತ್ರಿಕೆಗಳ ಧಾರಾವಾಹಿಯಲ್ಲಿ ಕಾದಂಬರಿಕಾರರು 'ಮುಂದುವರಿಯುವುದು' ಎಂಬ ಮಾತಿಗೆ ಮುಂಚೆ ಬಾಗಿಲು ಬಡಿದ ಸದ್ದು ಮಾಡಿಸುತ್ತಿದ್ದರಲ್ಲ, ಹಾಗೆಯೇ ಈ ಚಿತ್ರಗಳಲ್ಲೂ ಪ್ರತಿ ಭಾಗ ಒಂದು ತುದಿಯಲ್ಲಿ ನಿಲ್ಲುತ್ತದೆ. ತೋರಿಸಲಾಗದ್ದನ್ನು ಸದ್ದಿನಿಂದ, ನೆರಳಿನಿಂದ, ಕಾಯಿಸುವುದರಿಂದ ಹೇಳುವ ವಿದ್ಯೆ ಹೀಗೆ ಬೆಳೆಯಿತು.

ಪತ್ರಕರ್ತನೂ ರಕ್ತಪಿಶಾಚಿಯೂ

ಈ ಬಗೆಯಲ್ಲಿ ಮೊದಲು ನೋಡಬೇಕಾದದ್ದು 1972ರ ಜನವರಿಯಲ್ಲಿ ಪ್ರಸಾರವಾದ 'ದಿ ನೈಟ್ ಸ್ಟಾಕರ್'. ಅಲ್ಲಿಯವರೆಗಿನ ಟಿವಿ ಚಿತ್ರಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಇದನ್ನೇ. ಡಾನ್ ಕರ್ಟಿಸ್ ನಿರ್ಮಾಪಕ, ಚಿತ್ರಕಥೆ ರಿಚರ್ಡ್ ಮ್ಯಾಥಿಸನ್ ಅವರದು. ಲಾಸ್ ವೇಗಸ್ ನಗರದಲ್ಲಿ ಹೆಂಗಸರ ಕೊಲೆಗಳಾಗುತ್ತವೆ, ದೇಹದಲ್ಲಿ ರಕ್ತವೇ ಇರುವುದಿಲ್ಲ. ಕೊಲೆಗಾರ ರಕ್ತಪಿಶಾಚಿ ಎಂದು ಕಾರ್ಲ್ ಕೋಲ್ಚಾಕ್ ಎಂಬ ಪತ್ರಕರ್ತ ಕಂಡುಹಿಡಿಯುತ್ತಾನೆ. ಡ್ಯಾರೆನ್ ಮೆಕ್‌ಗ್ಯಾವಿನ್ ಈ ಪಾತ್ರವನ್ನು ಮರೆಯದ ಹಾಗೆ ಮಾಡಿದ್ದಾರೆ. ಸುಕ್ಕಾದ ಸೂಟು, ಹುಲ್ಲಿನ ಟೋಪಿ, ಯಾರಿಗೂ ಬೇಡವಾದ ಪ್ರಶ್ನೆಗಳು.

ಪಿಶಾಚಿ ಸಾಯುತ್ತದೆ. ಆದರೆ ಕೋಲ್ಚಾಕ್ ಗೆಲ್ಲುವುದಿಲ್ಲ. ಅಧಿಕಾರಿಗಳು ಅವನ ವರದಿ ಮುಚ್ಚಿಹಾಕಿ, ಕೊಲೆ ಮೊಕದ್ದಮೆಯ ಬೆದರಿಕೆ ಒಡ್ಡಿ, ಊರು ಬಿಡಿಸುತ್ತಾರೆ. ನಮ್ಮ ಮಕ್ಕಳಲ್ಲೊಬ್ಬ ಚಿತ್ರ ಮುಗಿದೊಡನೆ ಕೇಳಿದ್ದು ಪಿಶಾಚಿಯ ಬಗ್ಗೆ ಅಲ್ಲ. "ನಿಜ ಹೇಳಿದವನನ್ನೇ ಯಾಕೆ ಓಡಿಸಿದರು?" ಎಂದು. ಆ ಪ್ರಶ್ನೆಗೆ ನಾವು ಹಿರಿಯರು ಅರ್ಧ ಗಂಟೆ ಉತ್ತರ ಹುಡುಕಿದೆವು!

ಮುಂದಿನ ಭಾಗ 'ದಿ ನೈಟ್ ಸ್ಟ್ರ್ಯಾಂಗ್ಲರ್' ಬಂದದ್ದು 1973ರಲ್ಲಿ. ಈ ಬಾರಿ ಕರ್ಟಿಸ್ ಅವರೇ ನಿರ್ದೇಶಕರು. ಊರು ಬೇರೆ, ಸಿಯಾಟಲ್. 1889ರ ದೊಡ್ಡ ಬೆಂಕಿಯ ನಂತರ ಅಲ್ಲಿನ ರಸ್ತೆಗಳನ್ನು ಎತ್ತರಿಸಿದಾಗ ಹಳೆಯ ಅಂಗಡಿಸಾಲುಗಳು ನೆಲದಡಿ ಉಳಿದುಹೋದವು. ಇದು ನಿಜವಾದ ಚರಿತ್ರೆ. ಆ ನೆಲದಡಿಯ ಊರಿನಲ್ಲಿ, 21 ವರ್ಷಕ್ಕೊಮ್ಮೆ ಕೊಲೆ ಮಾಡಿ ಆಯುಷ್ಯ ಹೆಚ್ಚಿಸಿಕೊಳ್ಳುವ ಒಬ್ಬ ವೈದ್ಯನನ್ನು ಚಿತ್ರ ಕೂರಿಸುತ್ತದೆ. ಕಥೆಯ ಹಂದರ ಹಳೆಯದೇ, ಆದರೂ ಜಾಗದ ಗುಣದಿಂದ ಹೊಸದಾಗಿ ಕಾಣುತ್ತದೆ. ಅದರ ಬೆನ್ನಿಗೆ 1974-75ರಲ್ಲಿ 20 ಕಂತುಗಳ ಧಾರಾವಾಹಿ ಬಂತು. ವಾರಕ್ಕೊಂದು ಭೂತ ಹುಡುಕುವಾಗ ಬಿಗಿ ಸಡಿಲವಾಯಿತೆನ್ನಿ. ಆದರೆ 1993ರಲ್ಲಿ ಶುರುವಾದ 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ ಕರ್ತೃ ಕ್ರಿಸ್ ಕಾರ್ಟರ್ ತಮಗೆ ಸ್ಫೂರ್ತಿ ಕೋಲ್ಚಾಕ್ ಎಂದೇ ಹೇಳಿಕೊಂಡಿದ್ದಾರೆ.

ಕಿಟಕಿಯಾಚೆಯ ಹುಡುಗ

ಸಿಬಿಎಸ್ ವಾಹಿನಿಯಲ್ಲಿ 1979ರಲ್ಲಿ ಎರಡು ಭಾಗವಾಗಿ ಬಂದ 'ಸೇಲಮ್ಸ್ ಲಾಟ್' ಸ್ಟೀಫನ್ ಕಿಂಗ್ ಅವರ ಕಾದಂಬರಿಯಿಂದ ಮಾಡಿದ್ದು, ನಿರ್ದೇಶನ ಟೋಬಿ ಹೂಪರ್. ಸತ್ತ ಹುಡುಗ ರಾತ್ರಿ ಮಂಜಿನ ನಡುವೆ ತೇಲಿ ಬಂದು ಕಿಟಕಿಯ ಗಾಜು ಕೆರೆಯುತ್ತಾನೆ, ಒಳಗೆ ಬಿಡು ಎಂದು. ಪಿಶಾಚಿ ತಾನಾಗಿ ಒಳಗೆ ಬರಲಾರದು, ನಾವೇ ತೆರೆಯಬೇಕು. ಇದನ್ನು ನೋಡುತ್ತಿದ್ದಂತೆ ನಮಗೆ ನೆನಪಾದದ್ದು 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆದಿರುತ್ತಿದ್ದ 'ನಾಳೆ ಬಾ'. ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಉತ್ತರ! ದೇಶ ಬೇರೆ, ಭಯ ಒಂದೇ. ಹೊಸ್ತಿಲಾಚೆ ನಿಂತು ನಮ್ಮವರ ಹಾಗೆ ಕರೆಯುವುದು ನಮ್ಮದಲ್ಲದಿದ್ದರೆ?

1987ರ 'ಎ ರಿಟರ್ನ್ ಟು ಸೇಲಮ್ಸ್ ಲಾಟ್' ಹೆಸರಿಗಷ್ಟೇ ಇದರ ಮುಂದಿನ ಭಾಗ. ಅದರಲ್ಲಿ ವ್ಯಂಗ್ಯವಿದೆ, ಆದರೆ ಆ ಕಿಟಕಿಯ ಭಯವಿಲ್ಲ. ಗೊಂಬೆಯ ಕಥೆಯೂ ಹಾಗೆಯೇ. 1975ರ 'ಟ್ರಿಲಜಿ ಆಫ್ ಟೆರರ್'ನ ಮೂರನೆಯ ಕಥೆಯಲ್ಲಿ ನಟಿ ಕ್ಯಾರೆನ್ ಬ್ಲ್ಯಾಕ್ ಇಡೀ ಮನೆಯಲ್ಲಿ ಒಬ್ಬರೇ, ಜೊತೆಗೆ ಜೀವ ಬಂದ ಒಂದು ಗೊಂಬೆ. 1996ರ ಎರಡನೆಯ ಚಿತ್ರದಲ್ಲಿ ನಿರ್ದೇಶಕ ಕರ್ಟಿಸ್ ಅದೇ ಗೊಂಬೆಯನ್ನು ಮತ್ತೆ ತಂದರು. ಗೊಂಬೆ ಬಂತು, ಆದರೆ ಒಂಟಿತನ ಬರಲಿಲ್ಲ ಎಂದು ನಮಗನಿಸಿತು. ಹೆದರಿಸಿದ್ದು ಯಾವುದು ಎಂದು ಅರಿತ ಮುಂದಿನ ಭಾಗ ಗೆಲ್ಲುತ್ತದೆ. ಹೆದರಿಸಿದ ವಸ್ತುವನ್ನಷ್ಟೇ ಎತ್ತಿಕೊಂಡು ಬಂದದ್ದು ಸೋಲುತ್ತದೆ.

ಬೆರ್ಚಪ್ಪನ ಕಣ್ಣುಗಳು

ಕೊನೆಗೆ, ನಮ್ಮೆಲ್ಲರ ಮೆಚ್ಚಿನ ಚಿತ್ರ, 1981ರ 'ಡಾರ್ಕ್ ನೈಟ್ ಆಫ್ ದಿ ಸ್ಕೇರ್‌ಕ್ರೋ'. ಬಬ್ಬಾ ದೇಹದಲ್ಲಿ ದೊಡ್ಡವನು, ಮನಸ್ಸಿನಲ್ಲಿ ಮಗು. ಪುಟ್ಟ ಹುಡುಗಿಗೆ ಅವನೇ ಕೆಡುಕು ಮಾಡಿದನೆಂದು ನಂಬಿ ಊರಿನ ನಾಲ್ವರು ಬಂದೂಕು ಹಿಡಿದು ಹೊರಡುತ್ತಾರೆ. ಹೊಲದ ಬೆರ್ಚಪ್ಪನ ವೇಷದಲ್ಲಿ ಅಡಗಿ ನಿಂತವನ ಹೆದರಿದ ಕಣ್ಣು ಗುರುತಿಸಿ ಕೊಲ್ಲುತ್ತಾರೆ. ಆಮೇಲೆ ತಿಳಿಯುತ್ತದೆ, ಹುಡುಗಿಯನ್ನು ನಾಯಿಯಿಂದ ಕಾಪಾಡಿದವನೇ ಅವನು. ನ್ಯಾಯಾಲಯ ಅವರನ್ನು ಬಿಟ್ಟುಬಿಡುತ್ತದೆ. ನಂತರ ಒಬ್ಬೊಬ್ಬರ ಹೊಲದಲ್ಲೂ ಆ ಬೆರ್ಚಪ್ಪ ಕಾಣಿಸಿಕೊಳ್ಳತೊಡಗುತ್ತದೆ. ಅದರ ಲೇಖಕ ಜೆ. ಡಿ. ಫೀಗಲ್ಸನ್ 40 ವರ್ಷ ಕಳೆದ ಮೇಲೆ, 2022ರಲ್ಲಿ, ತಾವೇ ಎರಡನೆಯ ಭಾಗ ನಿರ್ದೇಶಿಸಿದರು.

ಈ ಚಿತ್ರ ಮುಗಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಬೇರೆ ದೇಶದಲ್ಲಿ ಬೇರೆಯವರಾಗಿ ಬದುಕುವ ನಮಗೆ, ಗುಂಪೊಂದು ತನಗಿಂತ ಭಿನ್ನನಾದವನನ್ನು ಮೊದಲು ಅನುಮಾನಿಸುವುದು ದೆವ್ವಕ್ಕಿಂತ ಹೆಚ್ಚು ಪರಿಚಿತ ಭಯ. ನಮ್ಮವರ ನಡುವೆಯೂ ಅಂಥ ಬಬ್ಬಾಗಳಿದ್ದಾರೆ, ಅವರನ್ನು ನಾವು ಹೇಗೆ ನೋಡುತ್ತೇವೆ ಎಂದೂ ಯೋಚಿಸುವಂತಾಯಿತು.

ನೀವೂ ನೋಡಬೇಕೆಂದಿದ್ದರೆ ಒಂದೆರಡು ಸಲಹೆ. ಚಿಕ್ಕ ಮಕ್ಕಳು ಮಲಗಿದ ಮೇಲೆ ನೋಡಿ. ದೀಪ ಆರಿಸಿ, ಫೋನುಗಳನ್ನು ಬೇರೆ ಕೋಣೆಯಲ್ಲಿಡಿ. ಜಾಹೀರಾತಿಗೆಂದು ತೆರೆ ಕಪ್ಪಾಗುವ ಕಡೆ ಒಂದು ನಿಮಿಷ ನಿಲ್ಲಿಸಿ, ಮುಂದೇನಾಗಬಹುದು ಎಂದು ಮಕ್ಕಳನ್ನು ಕೇಳಿ. ಅವರ ಊಹೆಗಳು ಚಿತ್ರಕ್ಕಿಂತ ಭಯಂಕರವಾಗಿರುತ್ತವೆ! ಮುಗಿದ ಮೇಲೆ, ನಿಮ್ಮ ಅಜ್ಜಿ ಹೇಳಿದ ಒಂದು ಕಥೆಯನ್ನು ಕನ್ನಡದಲ್ಲೇ ಹೇಳಿ. ಹಜಾರದ ದೀಪ ಬೇಕೆಂದರೆ ಇರಲಿ ಬಿಡಿ. ನಮಗೂ ಆಗ ಬುಡ್ಡಿ ದೀಪ ಇತ್ತಲ್ಲವೇ?