ಇಶಾಪುರದ ಕೋವಿ, ಅಮೆರಿಕದ ಅನುಮಾನ

ಹಳೆಯ ಸೈನಿಕ ಬಂದೂಕುಗಳನ್ನು ಕೊಂಡು ಕೂಡಿಡುವ ಹುಚ್ಚು ಅಮೆರಿಕದಲ್ಲಿ ಬಹಳ. ಜರ್ಮನಿಯ ಮೌಸರ್, ರಷ್ಯಾದ ಮೋಸಿನ್-ನಾಗಾಂಟ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಎಂದರೆ ಸಾಕು, ಅಲ್ಲಿನ ಹವ್ಯಾಸಿಗಳ ಮಾತು ಮುಗಿಯುವುದಿಲ್ಲ. ಈ ಘಟಾನುಘಟಿಗಳ ನಡುವೆ ಭಾರತದ ಒಂದು ರೈಫಲ್ಲೂ ಅಂಗಡಿಯ ಕಪಾಟು ಸೇರಿದಾಗ ಅನೇಕರು ಅದನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟು ಮುಂದೆ ಹೋದರು. ನೋಡಲು ಮೊದಲನೇ ಮಹಾಯುದ್ಧದ ಕಾಲದ್ದು, ಮುದ್ರೆ ಭಾರತದ್ದು, ಹಾರಿಸುವುದು ಮಾತ್ರ ಆಧುನಿಕ ತೋಟಾ. ಜೊತೆಗೆ ಬೆಲೆಯೂ ಅಗ್ಗ. ಅಗ್ಗವಾದದ್ದರ ಮೇಲೆ ಅನುಮಾನ ಯಾವ ದೇಶದಲ್ಲೂ ಮೊದಲು ಬರುತ್ತದೆ.

ಅನುಮಾನ ಮೀರಿ ಕೊಂಡವರು ಕ್ರಮೇಣ ಆ ರೈಫಲ್ಲಿನ ಅಭಿಮಾನಿಗಳಾದರು. ಅದರ ಅಧಿಕೃತ ಹೆಸರು ‘ರೈಫಲ್ 7.62 ಮಿ.ಮೀ. 2ಎ1’. ಹವ್ಯಾಸಿಗಳಿಗೆ ಅದು ಬರೀ ‘ಇಶಾಪುರ’. ಹುಟ್ಟಿದ ಊರೇ ಹೆಸರಾದ ಈ ಕೋವಿಯ ಕತೆಗೆ ಆ ಊರಿನ ಕಾರ್ಖಾನೆಯಿಂದಲೇ ಶುರುಮಾಡಬೇಕು.

ಹೂಗ್ಲಿ ದಂಡೆಯ ಮದ್ದಿನ ಮನೆ

ಕೋಲ್ಕತ್ತಾದಿಂದ ಉತ್ತರಕ್ಕೆ, ಹೂಗ್ಲಿ ನದಿಯ ಪೂರ್ವ ದಂಡೆಯಲ್ಲಿ, ಇಂದಿನ ಉತ್ತರ 24 ಪರಗಣ ಜಿಲ್ಲೆಯಲ್ಲಿ ಇಶಾಪುರ ಇದೆ. ಈಸ್ಟ್ ಇಂಡಿಯಾ ಕಂಪನಿ ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಲ್ಲಿ ಕೋವಿಮದ್ದಿನ ಕಾರ್ಖಾನೆ ತೆರೆಯಿತು. 1801ರಲ್ಲಿ ಕೋಲ್ಕತ್ತಾದ ಕಾಶೀಪುರದಲ್ಲಿ ಅದೇ ಕಂಪನಿಯ ತೋಪಿನ ಗಾಡಿಗಳ ಕಾರ್ಖಾನೆ ಸ್ಥಾಪನೆಯಾಗಿ, ಮರುವರ್ಷ ಮಾರ್ಚ್ 18ರಂದು ಉತ್ಪಾದನೆ ಆರಂಭವಾಯಿತು. ಸೇನೆಗೆ ಶಸ್ತ್ರ ಮಾಡುವ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ದಿನವನ್ನು ಈಗಲೂ ಆಚರಿಸುವುದು ಅದೇ ಮಾರ್ಚ್ 18ರಂದು. ಇಪ್ಪತ್ತನೇ ಶತಮಾನ ಕಾಲಿಟ್ಟ ಹೊತ್ತಿಗೆ, ಇಶಾಪುರದ ಹಳೆಯ ಮದ್ದಿನ ಮನೆಯ ಜಾಗದಲ್ಲೇ ರೈಫಲ್ ಫ್ಯಾಕ್ಟರಿ ತಲೆ ಎತ್ತಿತು.

ಇಶಾಪುರದ ಪಕ್ಕದ್ದೇ ಬಾರಕ್‌ಪುರ. 1857ರ ಮಾರ್ಚ್ 29ರಂದು ಮಂಗಲ್ ಪಾಂಡೆ ಸಿಡಿದೆದ್ದದ್ದು ಅಲ್ಲಿನ ಕವಾಯತು ಮೈದಾನದಲ್ಲಿ. ಆ ಸಿಟ್ಟಿಗೆ ಕಿಡಿ ಹಚ್ಚಿದ್ದು ಹೊಸ ಎನ್‌ಫೀಲ್ಡ್ ರೈಫಲ್ಲಿನ ತೋಟಾ. ಅದರ ಕಾಗದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಶಂಕೆ ಪಡೆಯಿಂದ ಪಡೆಗೆ ಹಬ್ಬಿತ್ತು. ಒಂದು ಆಯುಧ ಎಷ್ಟೇ ಒಳ್ಳೆಯದಿರಲಿ, ಹಿಡಿಯುವವನಿಗೆ ಅದರಲ್ಲಿ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದಾಗಿ ಅರ್ಧ ಶತಮಾನಕ್ಕೆ ಅದೇ ನೆರೆಯಲ್ಲಿ, ಅದೇ ಎನ್‌ಫೀಲ್ಡ್ ಹೆಸರಿನ ರೈಫಲ್ಲನ್ನು ಭಾರತೀಯ ಕೆಲಸಗಾರರೇ ಮಾಡತೊಡಗಿದರು.

ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಊರು. ಬ್ರಿಟಿಷ್ ಸರ್ಕಾರದ ಬಂದೂಕು ಕಾರ್ಖಾನೆ ಇದ್ದದ್ದು ಅಲ್ಲಿ. ನಮ್ಮ ರಸ್ತೆಗಳಲ್ಲಿ ಗುಡುಗುವ ರಾಯಲ್ ಎನ್‌ಫೀಲ್ಡ್ ಬೈಕಿನ ಹೆಸರಿನ ಮೂಲವೂ ಅದೇ. ಆ ಕಂಪನಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಪೂರೈಸುತ್ತಿತ್ತು.

ತ್ರೀ ನಾಟ್ ತ್ರೀ

ನಮ್ಮ ಪೊಲೀಸ್ ಠಾಣೆಗಳಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಕರೆಸಿಕೊಂಡದ್ದು ಈ ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಇದರ ಬೋಲ್ಟ್ ಮತ್ತು ತೋಟಾ ತುಂಬಿಡುವ ಮ್ಯಾಗಜೀನ್ ವಿನ್ಯಾಸದ ಜನಕ. 1907ರಲ್ಲಿ ರೂಪುಗೊಂಡ ‘ಮಾರ್ಕ್ 3’ ಮಾದರಿ ಇಶಾಪುರದ ಮುಖ್ಯ ಉತ್ಪನ್ನವಾಯಿತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಗಳ ಹೆಗಲೇರಿದ್ದು ಇದೇ ಮನೆತನದ ರೈಫಲ್‌ಗಳು.

ಇದರ ಹೆಚ್ಚುಗಾರಿಕೆ ವೇಗ. ಮೌಸರ್ ಜಾತಿಯ ರೈಫಲ್‌ಗಳಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಮುಖ್ಯ ಹಲ್ಲುಗಳು ಅದರ ಮುಂಬದಿಯಲ್ಲಿರುತ್ತವೆ. ಲೀ ಅವುಗಳನ್ನು ಹಿಂಬದಿಗೆ ತಂದ. ಹೀಗಾಗಿ ಬೋಲ್ಟ್ ಓಡಾಡುವ ದೂರ ಕಡಿಮೆಯಾಯಿತು, ಅದರ ಹಿಡಿ ಟ್ರಿಗರ್ ಮೇಲಿನ ಬೆರಳಿಗೆ ಹತ್ತಿರವಾಯಿತು. ಮ್ಯಾಗಜೀನ್ ಹತ್ತು ತೋಟಾ ಹಿಡಿಯುತ್ತಿತ್ತು. ಆ ಕಾಲದ ಇತರ ಸೇನೆಗಳ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಐದು. ನಿಮಿಷಕ್ಕೆ ಹದಿನೈದು ಈಡನ್ನು ಗುರಿಯಿಟ್ಟು ಹಾರಿಸುವುದು ಪಳಗಿದ ಸಿಪಾಯಿಗೆ ಕಷ್ಟವಾಗಿರಲಿಲ್ಲ.

ಈ ವೇಗಕ್ಕೆ ತೆತ್ತ ಬೆಲೆಯೂ ಇತ್ತು. ಹಲ್ಲುಗಳು ಹಿಂದೆ ಇರುವುದರಿಂದ, ಈಡು ಸಿಡಿದ ಕ್ಷಣದ ಒತ್ತಡವನ್ನು ಬೋಲ್ಟಿನ ಇಡೀ ಉದ್ದವೇ ತಡೆದುಕೊಳ್ಳಬೇಕು. ಉಕ್ಕು ಕೂದಲೆಳೆಯಷ್ಟಾದರೂ ಕುಗ್ಗಿ ಮರಳುತ್ತದೆ. .303 ತೋಟಾದ ಒತ್ತಡಕ್ಕೆ ಅದು ಸಲೀಸು. ಅದಕ್ಕಿಂತ ಬಿರುಸಾದ ತೋಟಾ ಹಾಕಿದರೆ ಏನಾದೀತು ಎಂಬುದು ಮುಂದೆ ಅಮೆರಿಕದವರ ತಲೆ ಕೊರೆದ ಪ್ರಶ್ನೆ.

1962ರ ಪಾಠ

1962ರ ಚೀನಾ ಯುದ್ಧದಲ್ಲಿ ನಮ್ಮ ಪದಾತಿಗಳು ಬೆಟ್ಟ ಹತ್ತಿದ್ದು ಇದೇ ತ್ರೀ ನಾಟ್ ತ್ರೀ ಹಿಡಿದು. ಒಂದೊಂದು ಈಡಿಗೂ ಬೋಲ್ಟ್ ಎಳೆಯಬೇಕಾದ ಈ ರೈಫಲ್ಲು, ತಾನಾಗಿ ತುಂಬಿಕೊಳ್ಳುವ ಎದುರಾಳಿಯ ಬಂದೂಕುಗಳ ಮುಂದೆ ಹಳತಾಗಿತ್ತು. ಆ ಹೊತ್ತಿಗೆ ಪಶ್ಚಿಮದ ಹಲವು ಸೇನೆಗಳು 7.62 ಮಿ.ಮೀ. ತೋಟಾಕ್ಕೆ ಬದಲಾಗಿದ್ದವು. ಭಾರತವೂ ಆ ದಾರಿ ಹಿಡಿದು, ಸ್ವಯಂ ತುಂಬಿಕೊಳ್ಳುವ ‘1ಎ1’ ರೈಫಲ್ಲನ್ನು, ಅಂದರೆ ಜನಜನಿತವಾದ ಎಸ್‌ಎಲ್‌ಆರ್ ಅನ್ನು, ಇಶಾಪುರದಲ್ಲೇ ಮಾಡಲು ಹೊರಟಿತು.

ಆದರೆ ಲಕ್ಷಾಂತರ ಕೈಗಳಿಗೆ ಹೊಸ ರೈಫಲ್ ಒಂದೆರಡು ವರ್ಷದಲ್ಲಿ ಸಿಗುವಂತಿರಲಿಲ್ಲ. ಮುಂಚೂಣಿಗೆ ಎಸ್‌ಎಲ್‌ಆರ್ ಹೋದರೆ ಹಿಂದಿನ ಸಾಲಿನವರ, ಮೀಸಲು ಪಡೆಯವರ ಕೈಗೆ ಏನು ಕೊಡುವುದು? ಅವರಿಗೆ .303 ಮುಂದುವರಿಸಿದರೆ ಎರಡು ಬಗೆಯ ತೋಟಾ ಮಾಡಬೇಕು, ಎರಡನ್ನೂ ಸಾಗಿಸಬೇಕು. ಇಶಾಪುರ ಕಂಡುಕೊಂಡ ಉತ್ತರ ಸರಳ: ಅಚ್ಚುಗಳು, ಯಂತ್ರಗಳು, ಪಳಗಿದ ಕೈಗಳು ಎಲ್ಲವೂ ಇರುವ ಹಳೆಯ ಲೀ-ಎನ್‌ಫೀಲ್ಡನ್ನೇ ಹೊಸ ತೋಟಾಕ್ಕೆ ತಕ್ಕಂತೆ ಮತ್ತೆ ಕಟ್ಟುವುದು. 1960ರ ದಶಕದ ಮೊದಲರ್ಧದಲ್ಲಿ ಹೀಗೆ ಬಂದದ್ದು ‘2ಎ’, ಅದರ ಹಿಂದೆಯೇ ‘2ಎ1’.

ಹಳೆಯ ರೈಫಲ್ಲಿನ ನಳಿಗೆ ಬದಲಿಸಿ ಕೈತೊಳೆದುಕೊಂಡ ಕೆಲಸ ಇದಾಗಿರಲಿಲ್ಲ. ಹೊಸ ತೋಟಾದ ಹೆಚ್ಚಿನ ಒತ್ತಡಕ್ಕೆಂದು ಉಕ್ಕನ್ನೇ ಬದಲಿಸಿ, ಇನ್ನಷ್ಟು ತಾಳಿಕೆಯದ್ದನ್ನು ಬಳಸಿದರು. .303 ತೋಟಾದ ಬುಡದಲ್ಲಿ ಹೊರಚಾಚಿದ ಅಂಚಿದೆ, 7.62ಕ್ಕೆ ಅದಿಲ್ಲ. ಹಾಗಾಗಿ ಸುಟ್ಟ ತೋಟಾವನ್ನು ಹಿಡಿದೆಳೆಯುವ ಕೊಕ್ಕೆಯನ್ನು ಬೇರೆಯಾಗಿ ರೂಪಿಸಿದರು. ಬಾಗಿದ ಹಳೆಯ ಮ್ಯಾಗಜೀನ್ ಹೋಗಿ, ಹನ್ನೆರಡು ತೋಟಾ ಹಿಡಿಯುವ ಚೌಕಾಕಾರದ ಪೆಟ್ಟಿಗೆ ಬಂತು. ಹೆಗಲಿಗೆ ಆನುವ ಹಿಂಬದಿಯ ತಗಡು ಎಸ್‌ಎಲ್‌ಆರ್‌ನದ್ದು. ಮೊದಲ ಮಾದರಿಯಲ್ಲಿ ಗುರಿಪಟ್ಟಿಯ ಗುರುತು ಹಳೆಯದರಂತೆ 2000ದವರೆಗೆ ಇತ್ತು. ಕಾಲಾಳಿಗೆ ಅಷ್ಟು ದೂರ ಬೇಡವೆಂದು 2ಎ1ರಲ್ಲಿ ಅದನ್ನು 800 ಮೀಟರಿಗೆ ಇಳಿಸಿದರು. ವಿಶೇಷ ಗುರಿಕಾರರ ರೈಫಲ್‌ಗಳನ್ನು ಬಿಟ್ಟರೆ, ಸೇನೆಯೊಂದಕ್ಕೆಂದು ವಿನ್ಯಾಸಗೊಂಡ ಕೊನೆಯ ಬೋಲ್ಟ್ ರೈಫಲ್‌ಗಳಲ್ಲಿ ಇದೂ ಒಂದು ಎಂದು ಬಂದೂಕಿನ ಇತಿಹಾಸ ಬಲ್ಲವರು ಗುರುತಿಸುತ್ತಾರೆ.

ಕೊಳ್ಳಲೋ ಬೇಡವೋ

ಹಳೆಯ ಸೈನಿಕ ಬಂದೂಕುಗಳ ಆಮದಿಗೆ ಅಮೆರಿಕ 1968ರ ಕಾಯ್ದೆಯಿಂದ ತಡೆ ಹಾಕಿತ್ತು. 1980ರ ದಶಕದಲ್ಲಿ ಆ ಬಿಗಿ ಸಡಿಲಗೊಂಡಿತು. ಮುಂದೆ ಭಾರತ ಕೈಬಿಟ್ಟ ರೈಫಲ್‌ಗಳು ಹಡಗು ಹತ್ತಿ ಅಲ್ಲಿನ ಅಂಗಡಿ ಸೇರಿದವು. ಬಹುಪಾಲು ಹಲವು ವರ್ಷ ದಾಸ್ತಾನಿನಲ್ಲಿ ಬಿದ್ದಿದ್ದಂಥವು: ಮರಕ್ಕೆ ಎಣ್ಣೆಯ ಜಿಡ್ಡು, ಲೋಹಕ್ಕೆ ಕಪ್ಪು ಬಣ್ಣದ ದಪ್ಪ ಲೇಪ. ಕಣ್ಣಿಗೆ ಹಿತವಾಗುವ ಯಾವ ಲಕ್ಷಣವೂ ಇರಲಿಲ್ಲ.

ಖರೀದಿದಾರರ ಅಳುಕು ಬರೀ ರೂಪಕ್ಕೆ ಸಂಬಂಧಿಸಿದ್ದಲ್ಲ. ಬ್ರಿಟಿಷರು ತಮ್ಮ ಲೀ-ಎನ್‌ಫೀಲ್ಡನ್ನು 7.62ಕ್ಕೆ ಬದಲಿಸಲು ಹೊರಟಾಗ ಆರಿಸಿಕೊಂಡದ್ದು ಎರಡನೇ ಮಹಾಯುದ್ಧದ ಕಾಲದ ‘ನಂಬರ್ 4’ ಮಾದರಿಯನ್ನು. ಅದರ ಮೈಕಟ್ಟು ಇನ್ನಷ್ಟು ಗಟ್ಟಿ. ಇಶಾಪುರದ್ದು ಅದಕ್ಕೂ ಹಿಂದಿನ ಮಾದರಿಯ ಮೈಕಟ್ಟು. ಎನ್‌ಫೀಲ್ಡಿನವರೇ ಕೈಹಾಕದ ಕೆಲಸಕ್ಕೆ ಭಾರತದವರು ಕೈಹಾಕಿದ್ದಾರೆ ಎಂದರೆ ಅದು ಹಳೆಯ .303ರ ನಳಿಗೆ ಬದಲಿಸಿದ ಅಪಾಯದ ಸರಕೇ ಇರಬೇಕು ಎಂದು ಜನ ಊಹಿಸಿದರು. ಬೋಲ್ಟಿನ ಹಲ್ಲು ಹಿಂದಿರುವ ವಿಚಾರ ಈ ಅನುಮಾನದ ಬೆಂಕಿಗೆ ತುಪ್ಪ ಸುರಿಯಿತು. ಉಕ್ಕು ಬದಲಾದದ್ದು ಕಣ್ಣಿಗೆ ಕಾಣುವ ಸಂಗತಿಯಲ್ಲವಲ್ಲ.

ಆದರೂ ಕೊಂಡವರು ಇದ್ದರು. ಕೆಲವರನ್ನು ಸೆಳೆದದ್ದು ಬೆಲೆ. ಕೆಲವರನ್ನು, ಎಲ್ಲಿಯೂ ಸುಲಭವಾಗಿ ಸಿಗುವ ತೋಟಾ. .303 ತೋಟಾ ಅಲ್ಲಿ ವಿರಳವಾಗುತ್ತಿದ್ದಾಗ 7.62 ಧಾರಾಳವಾಗಿತ್ತು. ಜಿಡ್ಡು ಒರೆಸಿ, ಲೇಪ ಕೆರೆದು, ಗುರಿಮೈದಾನಕ್ಕೆ ಒಯ್ದ ಮೇಲೆ ಅವರ ಅಭಿಪ್ರಾಯ ಬದಲಾಯಿತು.

ಮೊದಲ ಅಚ್ಚರಿ, ತೋಟಾ ತೊಡರದೆ ಏರುವುದು. .303ರಲ್ಲಿ ತುಂಬುವಾಗ ಎಚ್ಚರ ತಪ್ಪಿ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಬಿದ್ದರೆ ಬೋಲ್ಟ್ ಮುಂದೆ ಹೋಗದೆ ನಿಲ್ಲುತ್ತದೆ. ಅಂಚಿಲ್ಲದ 7.62ಕ್ಕೆ ಆ ತೊಂದರೆಯೇ ಇಲ್ಲ. ಹೆಸರಾಂತ ಅಣ್ಣನ ಹಳೆಯ ಕಾಯಿಲೆಯೊಂದು ಹೆಸರಿಲ್ಲದ ತಮ್ಮನಿಗೆ ಬರಲೇ ಇಲ್ಲ. ಎರಡನೆಯದು ವೇಗ: ಲೀಯ ಬೋಲ್ಟಿನ ನುಣುಪು ಓಟ ಹಾಗೇ ಉಳಿದಿತ್ತು, ಮ್ಯಾಗಜೀನಿನಲ್ಲಿ ಇನ್ನೆರಡು ತೋಟಾ ಹೆಚ್ಚೇ ಇತ್ತು. ಮೂರನೆಯದು ಗುರಿ: ಒಳ್ಳೆಯ ನಳಿಗೆಯ ರೈಫಲ್ ಸಿಕ್ಕವರಿಗೆ ಅದು ನಿರೀಕ್ಷೆ ಮೀರಿ ನೆಟ್ಟಗೆ ಹೊಡೆಯಿತು. ರೈಫಲ್ ಸಾಕಷ್ಟು ತೂಕದ್ದಾದ ಕಾರಣ ಹೆಗಲಿಗೆ ಒದೆತವೂ ತಡೆಯುವಂತಿತ್ತು.

ಹಾಗಂತ ಅಳುಕಿದವರೆಲ್ಲ ಮೂರ್ಖರೇನಲ್ಲ. ದಶಕಗಳ ಕಾಲ ದುಡಿದ ಯಾವುದೇ ಬಂದೂಕಿನಂತೆ ಇಲ್ಲೂ ಸವೆದದ್ದು, ಬೇರೆ ಬೇರೆಯದರ ಭಾಗ ಸೇರಿಸಿ ಜೋಡಿಸಿದ್ದು ಇರುತ್ತವೆ. ಬೋಲ್ಟಿನ ಮುಖಕ್ಕೂ ನಳಿಗೆಯೊಳಗೆ ತೋಟಾವನ್ನು ತಡೆದು ನಿಲ್ಲಿಸುವ ಜಾಗಕ್ಕೂ ನಡುವಿನ ಸಂದು, ಅಂದರೆ ಹೆಡ್‌ಸ್ಪೇಸ್, ಮಿತಿಯೊಳಗಿದೆಯೇ ಎಂದು ಗೇಜ್ ಹಾಕಿ ನೋಡಲೇಬೇಕು. ಸಂದು ಹೆಚ್ಚಿದ್ದರೆ ತೋಟಾದ ಹಿತ್ತಾಳೆ ಹಿಗ್ಗಿ ಹರಿಯಬಹುದು. ಬೋಲ್ಟಿನ ಮೇಲಿನ ಸಂಖ್ಯೆ ಮೈಮೇಲಿನ ಸಂಖ್ಯೆಗೆ ಹೊಂದಬೇಕು. ಬೇಟೆಗೆಂದು ಮಾರುವ ಬಿರುಸಿನ ತೋಟಾ ಬಿಟ್ಟು ಸೈನಿಕ ಅಳತೆಯದ್ದನ್ನೇ ಬಳಸಬೇಕೆಂಬುದು ತಿಳಿದವರ ಬುದ್ಧಿಮಾತು. ನಿರಾಳವಾಗಿ ಮೆಚ್ಚಿಕೊಂಡವರು ಈ ಪರೀಕ್ಷೆ ಮುಗಿಸಿಯೇ ಮೆಚ್ಚಿಕೊಂಡವರು.

ಮಾರಾಟ ಹೆಚ್ಚಲೆಂದು ಕೆಲವು ವ್ಯಾಪಾರಿಗಳು ಇದರ ನಳಿಗೆ ಕತ್ತರಿಸಿ, ಮರ ಕೆತ್ತಿ, ಸೇನೆಯಲ್ಲಿ ಎಂದೂ ಇರದ ಗಿಡ್ಡ ಮಾದರಿಗಳನ್ನೂ ಹುಟ್ಟಿಸಿದರು. ಮುಟ್ಟದೆ ಉಳಿದ ಮೂಲರೂಪದ ರೈಫಲ್ಲಿಗೆ ಈಗ ಸಂಗ್ರಾಹಕರ ನಡುವೆ ಮರ್ಯಾದೆ ಹೆಚ್ಚು.

ನಮ್ಮವರ ಕೈಗೆ .315

ಅಮೆರಿಕದ ರೈತನೊಬ್ಬ ಕೊಳ್ಳಬಹುದಾದ ಈ ಭಾರತೀಯ ರೈಫಲ್ಲನ್ನು ಭಾರತದ ರೈತ ಕೊಳ್ಳುವಂತಿಲ್ಲ. .303, 7.62, 9 ಮಿ.ಮೀ.ನಂಥ ಸೈನಿಕ ಅಳತೆಗಳು ನಮ್ಮ ಕಾನೂನಿನಲ್ಲಿ ನಾಗರಿಕರಿಗೆ ನಿಷಿದ್ಧ. ಬ್ರಿಟಿಷರ ಕಾಲದಿಂದ ಬಂದ ಎಚ್ಚರಿಕೆ ಇದು. ಸೇನೆಯ ತೋಟಾ ಜನರ ಕೋವಿಗೆ ಹೊಂದಬಾರದು. ಆ ಕಾರಣಕ್ಕೇ ಇಶಾಪುರ ನಾಗರಿಕರಿಗೆಂದು .315 ಸ್ಪೋರ್ಟಿಂಗ್ ರೈಫಲ್ ಮಾಡಿತು. ಒಳಗಿನ ಯಂತ್ರ ಅದೇ ಲೀ-ಎನ್‌ಫೀಲ್ಡ್ ವಂಶದ್ದು, ತೋಟಾ ಮಾತ್ರ ಬೇರೆ.

1980ರ ದಶಕದಲ್ಲಿ ಖಾಸಗಿ ಬಂದೂಕು ಆಮದು ನಿಂತ ಮೇಲೆ ನಮ್ಮಲ್ಲೂ ಕೊಳ್ಳುವವರಿಗೆ ಇದೇ ಇಕ್ಕಟ್ಟು. ಅಜ್ಜನ ಕಾಲದ ವಿಲಾಯತಿ ಕೋವಿಗೆ ಹೆಚ್ಚು ಹಣ ತೆರುವುದೋ, ಆರ್ಡ್‌ನೆನ್ಸ್ ಕಾರ್ಖಾನೆಯ ಹೊಸದನ್ನು ನಂಬುವುದೋ? ಕೊಡಗಿನಲ್ಲಿ ಈ ಪ್ರಶ್ನೆಗೆ ಬೇರೆಯದೇ ತೂಕ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಹೂವಿಟ್ಟು ಪೂಜಿಸುವ ಮನೆಕೋವಿ ಅಲ್ಲಿ ಮನೆತನದ ಸ್ವತ್ತು, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ ಮನೆತನದ ಮಾನ. ಬೇಟೆಗಂತೂ 1972ರ ವನ್ಯಜೀವಿ ಕಾಯ್ದೆ ಕಡಿವಾಣ ಹಾಕಿತು.

ಅಳತೆಯ ತೀರ್ಪು

ಪೊಲೀಸರ ತ್ರೀ ನಾಟ್ ತ್ರೀ ಕೂಡ ತೆರೆಮರೆಗೆ ಸರಿಯುತ್ತಿದೆ. 2008ರ ಮುಂಬೈ ದಾಳಿಯಲ್ಲಿ ರೈಲು ನಿಲ್ದಾಣದ ಪೊಲೀಸರ ಕೈಯಲ್ಲಿ ಇದ್ದ .303 ದೇಶದ ಕಣ್ಣಿಗೆ ಬಿತ್ತು. ಉತ್ತರ ಪ್ರದೇಶ ಪೊಲೀಸರು 2020ರಲ್ಲಿ ಅದನ್ನು ಬೀಳ್ಕೊಟ್ಟರು. ಇಶಾಪುರದ ಕಾರ್ಖಾನೆ 2021ರ ಅಕ್ಟೋಬರಿನಿಂದ ಕಾನ್ಪುರ ಕೇಂದ್ರವಾದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಕಂಪನಿಯ ಭಾಗ.

ಆ ಕಾರ್ಖಾನೆಯ ಎಲ್ಲ ಕೂಸುಗಳಿಗೂ 2ಎ1ರ ಅದೃಷ್ಟ ಸಿಗಲಿಲ್ಲ. ಎಸ್‌ಎಲ್‌ಆರ್ ನಂತರ ಬಂದ ಇನ್ಸಾಸ್ ರೈಫಲ್ಲಿನ ಪ್ಲಾಸ್ಟಿಕ್ ಮ್ಯಾಗಜೀನ್ ಕಾರ್ಗಿಲ್‌ನ ಚಳಿಗೆ ಬಿರುಕುಬಿಟ್ಟ ದೂರುಗಳಿದ್ದವು. 2017ರಲ್ಲಿ ಇಶಾಪುರ ತಯಾರಿಸಿದ ಹೊಸ 7.62 ಅಸಾಲ್ಟ್ ರೈಫಲ್ಲನ್ನು ಸೇನೆ ಪರೀಕ್ಷಿಸಿ ಬೇಡವೆಂದಿತು. ಇಶಾಪುರದ್ದೆಂದು ತಿರಸ್ಕರಿಸುವುದು ಎಷ್ಟು ತಪ್ಪೋ, ನಮ್ಮದೆಂದು ಒಪ್ಪಿಕೊಳ್ಳುವುದೂ ಅಷ್ಟೇ ತಪ್ಪು. ಮುದ್ರೆ ನೋಡಿ ಮೂಗು ಮುರಿದವರ ಮುಂದೆ 2ಎ1 ಗೆದ್ದದ್ದು ದೇಶಾಭಿಮಾನದಿಂದಲ್ಲ, ಗೇಜು ಮತ್ತು ಗುರಿಹಲಗೆಯಿಂದ. ಮುಂದಿನ ರೈಫಲ್ಲನ್ನೂ ಅಷ್ಟೇ ನಿಷ್ಠುರವಾಗಿ ಅಳೆಯುವ ಗಿರಾಕಿ ಸಿಗಲಿ. ಒಳ್ಳೆಯ ಕಾರ್ಖಾನೆಗೆ ಹೊಗಳುವ ಗಿರಾಕಿಗಿಂತ ಅಂಥವನೇ ಲೇಸು.