ದೂರು ಹಲವು, ಅರ್ಜಿ ಒಂದು

ಪುಣೆಯ ದ್ರುತಮಾರ್ಗವು ಆರಂಭವಾಗುವ, ಉಕ್ಕಿನ ಪೇಟೆಗೆ ಹೆಸರಾದ ಕಳಂಬೋಲಿಯಂತಹ ಕಡೆಯಲ್ಲಿ ಸ್ವಂತದ್ದೊಂದು ಕೋಣೆಯಾದೀತೆಂದು ಕಪ್ಪುಬಸಿ ತೊಳೆದು, ಗಲ್ಲೆಯಲ್ಲಿ ಕುಳಿತು, ಕಚೇರಿಯ ಲೆಕ್ಕ ಬರೆದು ಹಣ ಕೂಡಿಸಿದ ನಮ್ಮವರು ಕಡಿಮೆಯಲ್ಲ. ಆ ಹಣ ಮುಳುಗಿ ಠಾಣೆಯಲ್ಲಿ ದೂರು ಬರೆಯಿಸಿದ ಬಳಿಕ, ಆರೋಪಿಯು ದೂರುಗಳನ್ನೆಲ್ಲ ರದ್ದುಪಡಿಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದನೆಂದು ಕೇಳಿದೊಡನೆ ಎದೆಗುಂದುವುದು ಸಹಜ. ಅಷ್ಟಕ್ಕೇ ಎದೆಗುಂದಬೇಕಾದ ಕಾರಣವಿಲ್ಲವೆಂದು ನಾವು ವಾಚಕರಿಗೆ ತಿಳಿಸಬಯಸುತ್ತೇವೆ.

ಇಂತಹ ಅರ್ಜಿಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 482ನೆಯ ಕಲಮು ಆಧಾರವಾಗಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 528ನೆಯದು. ನ್ಯಾಯಾಲಯವು ಇಲ್ಲಿ ಸಾಕ್ಷಿಗಳನ್ನು ತೂಗಿ ತೀರ್ಪು ಹೇಳುವುದಿಲ್ಲ. ದೂರಿನಲ್ಲಿ ಬರೆದುದೆಲ್ಲ ನಿಜವೆಂದೇ ಹಿಡಿದರೂ ಅಪರಾಧವು ತೋರುವುದೇ, ಇಲ್ಲವೇ ಎಂದು ಮುಖ್ಯವಾಗಿ ನೋಡುತ್ತದೆ. 1990ರಲ್ಲಿ ಭಜನಲಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಕಿಕೊಟ್ಟ ದಾರಿಯಿದು.

'ವ್ಯವಹಾರ ಒಂದೇ, ದೂರು ಹತ್ತೇಕೆ?' ಎಂಬುದು ಆರೋಪಿಗಳ ಮಾಮೂಲು ವಾದ. 2001ರ ಜುಲೈಯಲ್ಲಿ ಟಿ. ಟಿ. ಆಂಟನಿ ಮೊಕದ್ದಮೆಯಲ್ಲಿ, ಒಂದೇ ಘಟನೆಯ ಬಗ್ಗೆ ಎರಡನೆಯ ಪ್ರಥಮ ವರ್ತಮಾನ ವರದಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದುಂಟು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ, ನರಿಂದರ್‌ಜಿತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ, ಬೇರೆ ಬೇರೆ ಜನರಿಂದ ಪಡೆದ ಒಂದೊಂದು ಠೇವಣಿಯೂ ಬೇರೆ ಬೇರೆ ವ್ಯವಹಾರವೆಂದಿತು. ನ್ಯಾಯವೂ ಅದೇ ಎಂದು ನಮ್ಮ ಮತ. ಹತ್ತು ಜೇಬು ಕತ್ತರಿಸಿದವನ ಕತ್ತರಿ ಒಂದೇ ಎಂದಮಾತ್ರಕ್ಕೆ ಕಳವೂ ಒಂದೇ ಆದೀತೇ? ಆದರೆ ಒಬ್ಬನೇ ಒಂದೇ ಹಣಕ್ಕಾಗಿ ಕಳಂಬೋಲಿಯಲ್ಲೊಂದು, ಪನವೇಲಿನಲ್ಲೊಂದು ದೂರು ಕೊಟ್ಟರೆ ಎರಡನೆಯದು ನಿಲ್ಲುವುದು ಕಷ್ಟ. ದಲಾಲರ ಮಾತು ಕೇಳಿ ಹೀಗೆ ಮಾಡುವವರು ಆರೋಪಿಯ ಕೈಗೇ ಆಯುಧ ಕೊಡುತ್ತಾರೆ.

ಆರೋಪಿಯ ಪಕ್ಷದಲ್ಲಿಯೂ ಒಂದು ಮಾತಿದೆ. ಕಟ್ಟಡ ತಡವಾದುದೇ ವಂಚನೆಯಲ್ಲ. ಮೋಸದ ಉದ್ದೇಶವು ಹಣ ಪಡೆದಾಗಲೇ ಇದ್ದಿರಬೇಕು. ಆದುದರಿಂದ ಅದೇ ಕೋಣೆಯು ಮೊದಲೇ ಮತ್ತೊಬ್ಬರಿಗೆ ಮಾರಾಟವಾಗಿತ್ತೆಂದು ತೋರಿಸುವ ಇಂಡೆಕ್ಸ್ ಎರಡರ ನಕಲು ಕಣ್ಣೀರಿಗಿಂತ ಹೆಚ್ಚು ಉಪಯುಕ್ತ.

ನಮಗೆ ನಿಜವಾದ ಭಯವಿರುವುದು ರಾಜಿಯಲ್ಲಿ. 2012ರ ಗಿಯಾನ್ ಸಿಂಗ್ ತೀರ್ಪಿನ ಬಳಿಕ, ಉಭಯರೂ ಒಪ್ಪಿದರೆ ಇಂತಹ ದೂರನ್ನು ರದ್ದುಮಾಡಲು ಉಚ್ಚ ನ್ಯಾಯಾಲಯಕ್ಕೆ ಅಡ್ಡಿಯಿಲ್ಲ. ಫಿರ್ಯಾದಿಯ ಸಮ್ಮತಿಯ ಪ್ರಮಾಣಪತ್ರವನ್ನು ಆಗ ಕೇಳುತ್ತಾರೆ. ಮುಂದಿನ ತಿಂಗಳ ಚೆಕ್ಕನ್ನು ನಂಬಿ, ಓದಲು ಬಾರದ ಕಾಗದಕ್ಕೆ, ಪಾಳಿ ಮುಗಿಸಿ ಬಂದ ಆಯಾಸದಲ್ಲಿ ರುಜು ಹಾಕಬೇಡಿರಿ. ಹಣವು ಖಾತೆಗೆ ಬೀಳಲಿ. ಕಾಗದವನ್ನು ನಮ್ಮದೇ ವಕೀಲರು ಓದಿ ಹೇಳಲಿ. ಪಕ್ಕದ ಮಂಚದವನು ರಾಜಿಯಾದನೆಂದು ನಮ್ಮ ದೂರು ತಾನಾಗಿ ಬಿದ್ದುಹೋಗುವುದಿಲ್ಲ.